ಹಳೆಯ ಯಂತ್ರವನ್ನು ಎಬ್ಬಿಸಿದುದು

ನಮ್ಮ ಮನೆಯಲ್ಲಿ 2013ರಲ್ಲಿ ಕೊಂಡ ಲ್ಯಾಪ್‌ಟಾಪ್ ಒಂದಿದೆ. ಅದರಲ್ಲಿದ್ದ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಕೇಳುವ ಯೋಗ್ಯತೆಗಳು ಈ ಮುದಿ ಯಂತ್ರಕ್ಕಿಲ್ಲ. ಗಟ್ಟಿಮುಟ್ಟಾಗಿರುವ ವಸ್ತುವನ್ನು ಗುಜರಿಗೆ ಹಾಕಲು ನನಗೆ ಮನಸ್ಸು ಬಾರದು. ಹಣವಿಲ್ಲದೆ ದೊರೆಯುವ ಲಿನಕ್ಸ್ ಮಿಂಟನ್ನು ವಿಂಡೋಸಿನ ಪಕ್ಕದಲ್ಲಿಯೇ ಸ್ಥಾಪಿಸೋಣವೆಂದು ಒಂದು ಭಾನುವಾರ ಬೆಳಿಗ್ಗೆ ಕುಳಿತೆನು.

“ಅತ್ತೆಯವರ ಹಾಡುಗಳು ಅದರಲ್ಲಿಯೇ ಇವೆಯಲ್ಲಾ, ಬೇರೆ ತೆಗೆದಿಟ್ಟಿರಾ?” ಎಂದು ಮನೆಯಾಕೆ ಕೇಳಿದಳು.

“ಅದಕ್ಕೇನೂ ಆಗುವುದಿಲ್ಲ” ಎಂದೆನು. ನಮ್ಮ ತಾಯಿಯು ತೀರಿಕೊಳ್ಳುವ ಹಿಂದಿನ ವರ್ಷ ಹಾಡಿದ ಆರತಿಯ ಹಾಡುಗಳೂ ಬೀಸುವ ಹಾಡುಗಳೂ ಆ ಯಂತ್ರದಲ್ಲಲ್ಲದೆ ಬೇರೆಲ್ಲಿಯೂ ಇರಲಿಲ್ಲ.

ಲಿನಕ್ಸಿನ ಕಡತವನ್ನು, ಫೋಟೋಗಳನ್ನು ಹಾಕಿಕೊಳ್ಳುವಂತೆ, ಪೆನ್‌ಡ್ರೈವಿಗೆ ಸುಮ್ಮನೆ ನಕಲು ಮಾಡಿದುದು ಮೊದಲನೆಯ ತಪ್ಪು. ಅದಕ್ಕೆಂದೇ ಇರುವ ತಂತ್ರಾಂಶದಿಂದ ಅದನ್ನು ಪೆನ್‌ಡ್ರೈವಿನ ಮೇಲೆ ಬರೆಯಬೇಕು. ಯಂತ್ರವು ಪೆನ್‌ಡ್ರೈವಿನಿಂದ ಏಳಲಿಲ್ಲ. ಕಾರಣವನ್ನು ವಿಚಾರಿಸದೆ, ಆರಂಭದ ಸೆಟ್ಟಿಂಗಿನೊಳಗೆ ಹೊಕ್ಕು, ‘ಯುಇಎಫ್‌ಐ’ ಎಂದಿದ್ದುದನ್ನು ‘ಲೆಗಸಿ’ ಎಂದು ಬದಲಿಸಿದೆನು. ಆಮೇಲೆ ಪೆನ್‌ಡ್ರೈವನ್ನು ಸರಿಯಾಗಿ ಬರೆದುಕೊಂಡೆನೇನೋ ನಿಜ. ಸೆಟ್ಟಿಂಗನ್ನು ಮಾತ್ರ ಮೊದಲಿನಂತೆ ಮಾಡಲಿಲ್ಲ. ಸ್ಥಾಪನೆಯ ಕೊನೆಯಲ್ಲಿ ಏನೋ ಎಚ್ಚರಿಕೆ ಕಾಣಿಸಿತು. ಅದನ್ನು ಓದದೆಯೇ ಮುಂದಕ್ಕೆ ಒತ್ತಿದೆನು.

ಮತ್ತೆ ಚಾಲೂ ಮಾಡಿದಾಗ ಕಪ್ಪು ಪರದೆಯ ಮೇಲೆ ಒಂದೇ ಸಾಲು: ಆರಂಭಿಸತಕ್ಕ ಸಾಧನವಿಲ್ಲ. ಲಿನಕ್ಸೂ ಇಲ್ಲ, ವಿಂಡೋಸೂ ಇಲ್ಲ. ಮನೆಯಾಕೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ಏನೂ ಅನ್ನದೆ ಒಳಕ್ಕೆ ಹೋದಳು. ಅಂದಿನ ಊಟ ನನಗೆ ಸೇರಲಿಲ್ಲ.

ಸಂಜೆಗೆ ಬುದ್ಧಿ ಬಂದಿತು. ಮಿಂಟನ್ನು ಸ್ಥಾಪಿಸದೆ ಪೆನ್‌ಡ್ರೈವಿನಿಂದಲೇ ನಡೆಸಬಹುದು. ಹಾಗೆ ನಡೆಸಿ, ಅಂಜುತ್ತಂಜುತ್ತ ಹಳೆಯ ಡಿಸ್ಕನ್ನು ತೆರೆದೆನು. ಹಾಡುಗಳು ಇದ್ದಲ್ಲಿಯೇ ಇದ್ದುವು! ಯಂತ್ರವು ಏಳದಿದ್ದ ಮಾತ್ರಕ್ಕೆ ಅದರ ಹೊಟ್ಟೆಯಲ್ಲಿರುವುದು ಅಳಿಯಿತೆಂದು ಅರ್ಥವಲ್ಲ. ಮೊದಲು ಅವನ್ನು ಮತ್ತೊಂದು ಪೆನ್‌ಡ್ರೈವಿಗೆ ತೆಗೆದಿಟ್ಟೆನು. ಬೆಳಿಗ್ಗೆಯೇ ಮಾಡಬೇಕಾಗಿದ್ದ ಕೆಲಸ.

ಬಳಿಕ ವಿಚಾರಮಾಡಿದೆನು. ಯಂತ್ರದಲ್ಲಿ ಎಲ್ಲಕ್ಕಿಂತ ಮೊದಲು ಏಳುವುದು ಫರ್ಮ್‌ವೇರ್ ಎಂಬ ಕಾವಲುಗಾರ. ಅವನು ಬೂಟ್‌ಲೋಡರನ್ನು ಎಬ್ಬಿಸುತ್ತಾನೆ, ಅದು ಕರ್ನಲನ್ನು ಎಬ್ಬಿಸುತ್ತದೆ. ಯುಇಎಫ್‌ಐ ಪದ್ಧತಿಯಲ್ಲಿ ಬೂಟ್‌ಲೋಡರು ಡಿಸ್ಕಿನ ಒಂದು ಪ್ರತ್ಯೇಕ ಭಾಗದಲ್ಲಿ ಕಡತವಾಗಿರುತ್ತದೆ. ಲೆಗಸಿ ಪದ್ಧತಿಯಲ್ಲಿ ಕಾವಲುಗಾರನು ಡಿಸ್ಕಿನ ತೀರ ಮೊದಲಲ್ಲಿ ಮಾತ್ರ ಹುಡುಕುತ್ತಾನೆ. ವಿಂಡೋಸ್ ಮುಂಬಾಗಿಲಲ್ಲಿ ಕಾಯುತ್ತಿರಲು, ನಾನು ಅವನನ್ನು ಹಿತ್ತಿಲ ಬಾಗಿಲಿಗೆ ಅಟ್ಟಿದ್ದೆನು.

ಸೆಟ್ಟಿಂಗನ್ನು ಮರಳಿ ಯುಇಎಫ್‌ಐ ಮಾಡಿದೊಡನೆ ವಿಂಡೋಸ್ ಎದ್ದಿತು. ಪೆನ್‌ಡ್ರೈವನ್ನೂ ಅದೇ ಪದ್ಧತಿಯಲ್ಲಿ ಆರಂಭಿಸಿ, ಮಿಂಟನ್ನು ಅದರ ಭಾಗದಲ್ಲಿ ಮತ್ತೆ ಸ್ಥಾಪಿಸಿದೆನು. ಈ ಸಲ ಎರಡರ ಹೆಸರೂ ಪರದೆಯ ಮೇಲೆ ಮೂಡಿದುವು.

ಕೆಟ್ಟಿದ್ದುದು ಯಂತ್ರವಲ್ಲ. ಒಂದು ತಪ್ಪಿನ ಕಾರಣವನ್ನು ತಿಳಿಯುವ ಮೊದಲೇ ಮತ್ತೊಂದು ಕಡೆ ಕೈಯಿಕ್ಕಿದ ನನ್ನ ಆತುರವೇ ಅದನ್ನು ಕೆಡವಿತ್ತು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು; ಫಲ ಕಾಣದಿದ್ದರೆ ಅದನ್ನು ಮೊದಲಿದ್ದಂತೆ ಇಟ್ಟು ಮುಂದೆ ಹೋಗಬೇಕು.

ರಾತ್ರಿ ತಾಯಿಯ ಹಾಡನ್ನು ಹಾಕಿದೆನು. ಮನೆಯಾಕೆ ಬಂದು ಕುಳಿತು, ಹಾಡು ಮುಗಿಯುವವರೆಗೆ ಕೇಳಿದಳು.

“ಈಗ ಇದು ಎಷ್ಟು ಕಡೆ ಇದೆ?” ಎಂದಳು.

“ಮೂರು ಕಡೆ” ಎಂದೆನು.