ಹಳೆ ಸೀರೆಯ ಹೊಸ ಬಣ್ಣ

ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆಗೆ ಎರಡೇ ದಾರಿ. ಒಂದು, ಬಾಗಿಲಿಗೆ ಬರುವ ಪಾತ್ರೆಯವಳ ಬುಟ್ಟಿ, ಇನ್ನೊಂದು, ಕೌದಿ. ಮೊದಲನೆಯದರಿಂದ ಸ್ಟೀಲಿನ ಡಬ್ಬಿ ಬರುತ್ತದೆ, ಎರಡನೆಯದರಿಂದ ಬೆಚ್ಚನೆಯ ನಿದ್ದೆ ಬರುತ್ತದೆ. ಇತ್ತೀಚೆಗೆ ಡಬ್ಬಿಗಳೇ ಗೆಲ್ಲುತ್ತಿವೆ ಎನ್ನುವುದಕ್ಕೆ ನಮ್ಮೆಲ್ಲರ ಅಡುಗೆಮನೆಯ ಮಾಡಗಳೇ ಸಾಕ್ಷಿ.

ಅವ್ವ ತೀರಿಕೊಂಡ ಮೇಲೆ ಅವಳ ಟ್ರಂಕು ತೆಗೆದೆವು. ರೇಷ್ಮೆ ಸೀರೆಗಳ ಹಂಚಿಕೆ ಹತ್ತೇ ನಿಮಿಷದಲ್ಲಿ ಮುಗಿಯಿತು. ಉಳಿದವು ಏಳು ಹಳೆಯ ಸೀರೆಗಳು. ಅವುಗಳಲ್ಲಿ ಎರಡು ಇಳಕಲ್ಲಿನವು. ಕೆಂಪು ಸೆರಗಿನ ಬಿಳಿ ತೆನೆಗಳು ಮಾತ್ರ ಗಟ್ಟಿ, ಒಡಲು ಕೈ ತಾಗಿದರೆ ಹರಿಯುವಷ್ಟು ಜೀರ್ಣ. "ಅಕ್ಕಾರ, ಪಾತ್ರೆಯಾಕಿಗೆ ಕೊಟ್ರ ಒಂದು ಬೋಗುಣಿನಾದ್ರೂ ಬಂದೀತು" ಎಂದಳು ತಮ್ಮನ ಹೆಂಡತಿ. ಅವಳ ಲೆಕ್ಕ ತಪ್ಪಲ್ಲ. ಆದರೆ ಅವ್ವನಿಗೆ ಬೋಗುಣಿಯ ಬೆಲೆ ಕಟ್ಟಲು ನನ್ನ ಮನಸ್ಸು ಒಪ್ಪಲಿಲ್ಲ. ಗಂಟು ಕಟ್ಟಿ ಮನೆಗೆ ತಂದೆ.

ಚಿಕ್ಕಂದಿನಲ್ಲಿ ನನಗೆ ಚಿತ್ರ ಬಿಡಿಸುವ ಹುಚ್ಚಿತ್ತು. ಐದು ಮಕ್ಕಳ ಮನೆಯಲ್ಲಿ ಬಣ್ಣದ ಡಬ್ಬಿ ಯಾರು ಕೊಡಿಸಬೇಕು? ಬಿ.ಎ. ಆಯಿತು, ಬಿ.ಎಡ್. ಆಯಿತು, ನೌಕರಿ ಸಿಕ್ಕಿತು. ಮೂವತ್ತು ವರ್ಷಗಳಿಂದ ನಾನು ಬಿಡಿಸುತ್ತ ಬಂದ ಚಿತ್ರವೆಂದರೆ ಕರಿಹಲಗೆಯ ಮೇಲಿನ ಭಾರತದ ನಕಾಶೆ ಒಂದೇ.

ಕೆಲವು ವರ್ಷಗಳ ಹಿಂದೆ ಜನವರಿಯಲ್ಲಿ ಬೆಂಗಳೂರಿನ ಮಗಳ ಮನೆಗೆ ಹೋದಾಗ, ಅವಳು ಚಿತ್ರಸಂತೆಗೆ ಕರೆದೊಯ್ದಳು. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಲ್ಲಿ ಆರಂಭಿಸಿದ ಸಂತೆ ಅದು. ಕುಮಾರಕೃಪಾ ರಸ್ತೆಯಲ್ಲಿ ಆ ದಿನ ವಾಹನಗಳಿಲ್ಲ. ಎರಡೂ ಬದಿಗೆ ಕಲಾವಿದರು, ಕಾಯಿಪಲ್ಯ ಹರವಿದಂತೆ ಚಿತ್ರ ಹರವಿಕೊಂಡು ಕೂತಿರುತ್ತಾರೆ. ನನ್ನ ವಯಸ್ಸಿನ ಹೆಂಗಸೊಬ್ಬಳು ತನ್ನ ಚಿತ್ರಗಳ ಮುಂದೆ ಊಟದ ಡಬ್ಬಿ ಬಿಚ್ಚಿ ನಿಶ್ಚಿಂತೆಯಿಂದ ಉಣ್ಣುತ್ತಿದ್ದಳು. ಅವಳನ್ನು ನೋಡಿ ಹಿಗ್ಗೂ ಆಯಿತು, ಹೊಟ್ಟೆಯಲ್ಲಿ ಸಣ್ಣಗೆ ಉರಿಯೂ ಆಯಿತು. ನಿಮ್ಮಿಂದೇನು ಮುಚ್ಚುಮರೆ?

ಊರಿಗೆ ಬಂದ ಮೇಲೆ ಆ ಉರಿ ನನ್ನನ್ನು ಸುಮ್ಮನೆ ಕೂಡಗೊಡಲಿಲ್ಲ. ಆಗ ನೆನಪಾದದ್ದು ನಮ್ಮ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಣ್ಣುಮಕ್ಕಳು. ಅವರು ಹಳೆ ಬಟ್ಟೆಯ ತುಂಡುಗಳಿಂದ ಹೊಲಿಯುವ ಕವಂದಿಗಳು 2011ರಲ್ಲಿ ನ್ಯೂಯಾರ್ಕಿನ ಪ್ರದರ್ಶನದವರೆಗೂ ಹೋಗಿದ್ದವು. ಅವರು ಅಂಚಿನಿಂದ ಆರಂಭಿಸಿ, ಸುತ್ತು ಸುತ್ತಾಗಿ ಒಳಗೆ ಹೊಲಿಯುತ್ತ ನಡುವಿಗೆ ಬಂದು ಮುಟ್ಟುತ್ತಾರೆ. ಮೂಲೆಗಳಿಗೆ 'ಫುಲ' ಎಂಬ ತ್ರಿಕೋನದ ತುಂಡುಗಳನ್ನು ಕೂಡಿಸದಿದ್ದರೆ ಅವರ ಕಣ್ಣಿಗೆ ಕವಂದಿ ಬತ್ತಲೆ. ಅವರ ಕೈಯಲ್ಲಿ ಇರುವುದು ಸೂಜಿ, ದಾರ, ಹರಕು ಬಟ್ಟೆ ಅಷ್ಟೆ. ಅವು ಮೂರೂ ನನ್ನ ಬಳಿಯೂ ಇದ್ದವಲ್ಲ!

ಹಿಂದಿನ ಓಣಿಯ ಅಜ್ಜಿಯನ್ನು ಕರೆತಂದೆ. ಗಟ್ಟಿಯಿದ್ದ ಸೀರೆಯನ್ನು ಅಡಿಗೆ ಹಾಸಿ, ಮೇಲೆ ತುಂಡುಗಳನ್ನು ಇಡುತ್ತ ಹೋದೆ. ಹಸಿರಿಗೆ ಹಸಿರು, ನೀಲಿಗೆ ನೀಲಿ. ಅಜ್ಜಿ ನಕ್ಕಳು: "ಅಕ್ಕೋರ, ಹಿಂಗ ಸಾಲಿ ಮಕ್ಕಳ್ನ ಕುಂಡ್ರಿಸಿದಂಗ ಕುಂಡ್ರಿಸಬ್ಯಾಡ್ರಿ. ಬಣ್ಣಕ್ಕ ಬಣ್ಣ ಜಗಳಾಡಬೇಕು, ಅಂದ್ರ ಚಂದ." ಕೆಂಪಿನ ಪಕ್ಕ ಹಳದಿ ಇಟ್ಟೆ, ಗಿಳಿಹಸಿರಿನ ಪಕ್ಕ ನೇರಳೆ. ನೆಲದ ಮೇಲೆ ಚಿತ್ರವೊಂದು ಎದ್ದು ಕೂತಿತು. ಯಾವ ಕುಂಚವೂ ಇಲ್ಲದೆ!

ಶಾಲೆ ಬಿಟ್ಟ ಮೇಲೆ ದಿನಕ್ಕೊಂದು ತಾಸು, ಒಟ್ಟು ನಾಲ್ಕು ತಿಂಗಳು ಹೊಲಿದೆ. ಒಂದು ತುಂಡಿನಲ್ಲಿ ಅವ್ವ ರೊಟ್ಟಿ ಬಡಿಯುವಾಗ ಸುಟ್ಟುಕೊಂಡ ತೂತು ಸಿಕ್ಕಿತು. ಅದರ ಮೇಲೆ ತೇಪೆ ಹಾಕದೆ, ಸುತ್ತಲೂ ಕೆಂಪು ದಾರದಲ್ಲಿ ಹೊಲಿಗೆ ಹಾಕಿದೆ. ಅಲ್ಲಿಗೆ ಬಂದಾಗ ಮಾತ್ರ ಕಣ್ಣು ಮಂಜಾಗಿ, ಸೂಜಿಗೆ ಎರಡು ಸಲ ದಾರ ಪೋಣಿಸಬೇಕಾಯಿತು.

ಮಗಳು ನೋಡಿ, "ಅವ್ವಾ, ಇದನ್ನ ಗೋಡೆಗೆ ತೂಗ ಹಾಕೋಣ, ಪ್ರದರ್ಶನಕ್ಕೂ ಕಳಸಬಹುದು" ಎಂದಳು. ಆ ಮಾತಿಗೆ ಒಳಗೊಳಗೇ ಹಿಗ್ಗಿದ್ದು ನಿಜ. ಆದರೂ ಬೇಡವೆಂದೆ. ಗೋಡೆಗೆ ಚಳಿಯಾಗುವುದಿಲ್ಲ, ಮೊಮ್ಮಗಳಿಗೆ ಆಗುತ್ತದೆ. ಈಗ ಅವಳು ಬಂದಾಗಲೆಲ್ಲ ಅದರೊಳಗೇ ಮಲಗುತ್ತಾಳೆ. ಮೊನ್ನೆ ಆ ಸುಟ್ಟ ತೂತಿನಲ್ಲಿ ಬೆರಳು ತೂರಿಸಿ, "ಇದೇನಜ್ಜಿ?" ಎಂದು ಕೇಳಿದಳು. ಮುತ್ತಜ್ಜಿಯ ರೊಟ್ಟಿಯ ಕಥೆ ಹೇಳತೊಡಗಿದೆ.