ಫೋಲ್ಡರಿನ ಹೆಸರಷ್ಟೇ ಬರೆದಿದ್ದೆ

ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಅಜ್ಜಿಯೊಬ್ಬರು ಮೊದಲೇ ಹೇಳಿದ್ದರು: ‘ನನ್ನ ಮಾತು ಹಿಡಕೋರಿ, ಹೆಸರ ಮಾತ್ರ ಎಲ್ಲೂ ಹಾಕಬ್ಯಾಡ್ರಿ.’ ಆಗಲಿ ಅಂದಿದ್ದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕನ್ನಡದಲ್ಲಿ ಮರಾಠಿ ಹೇಗೆ ಬೆರೆತಿದೆ ಎಂಬುದು ನನ್ನ ಪಿಎಚ್‌.ಡಿ. ವಿಷಯ. ಎರಡು ವರ್ಷ ತಿರುಗಿ ಮಾಡಿದ ಧ್ವನಿಮುದ್ರಣಗಳನ್ನು ತಾಲ್ಲೂಕಿಗೊಂದು ಫೋಲ್ಡರಿನಲ್ಲಿ ಇಟ್ಟಿದ್ದೆ. ಸಹಪಾಠಿಗಳ ಕಂಪ್ಯೂಟರುಗಳಲ್ಲಿ ಫೆಡೋರಾ ಲಿನಕ್ಸ್ ಇದೆ. ಒಂದೇ ಆಜ್ಞೆಗೆ ಎಲ್ಲ ಕಡೆ ಕೂರಲಿ ಎಂದು ಆರ್‌ಪಿಎಂ ಪ್ಯಾಕೇಜ್ ಕಟ್ಟಲು ಕೂತೆ. ಪ್ಯಾಕೇಜಿಗೆ ಸೇರಿದ ಫೈಲುಗಳು ಯಾವುವು ಎಂದು ಅದಕ್ಕೊಂದು ಪಟ್ಟಿ ಕೊಡಬೇಕು. ನೂರಾರು ಹೆಸರು ಯಾರು ಬರೆಯುತ್ತಾರೆ? ಐದು ಫೋಲ್ಡರ್, ಐದು ಸಾಲು. ಮುಗಿಯಿತು.

ಆರ್‌ಪಿಎಂ ರೂಢಿಯಲ್ಲಿ ಫೋಲ್ಡರಿನ ಹೆಸರು ಬರೆದರೆ ಒಳಗಿನದೆಲ್ಲವೂ ಬಂತು ಎಂದರ್ಥ. ಫೋಲ್ಡರ್ ಮಾತ್ರ ಸಾಕೆಂದರೆ ಮುಂದೆ ‘ಡಿರ್’ ಎಂಬ ಗುರುತು ಹಚ್ಚಬೇಕು. ನಿಪ್ಪಾಣಿಯ ಫೋಲ್ಡರಿನಲ್ಲಿ ಮಾತಾಡಿದವರ ಹೆಸರು, ಓಣಿ, ಫೋನ್ ನಂಬರಿನ ನನ್ನ ಖಾಸಗಿ ಹಾಳೆಯೂ ಇತ್ತು. ಅದು ಆರು ಕಂಪ್ಯೂಟರಿಗೆ ಹೋಯಿತು. ಗೆಳತಿಯೊಬ್ಬಳು ತೆರೆದು ‘ಇದೇನು?’ ಎಂದಾಗ ಹೊಟ್ಟೆ ತೊಳಸಿತು.

ಫೈಲುಗಳನ್ನು ಒಂದೊಂದಾಗಿ ಹೆಸರಿಸಿದ್ದರೆ, ಪಟ್ಟಿಯಲ್ಲಿಲ್ಲದ್ದೊಂದು ಉಳಿದಿದೆ ಎಂದು ಆರ್‌ಪಿಎಂ ಕೆಲಸವನ್ನೇ ನಿಲ್ಲಿಸಿ ಹೇಳುತ್ತಿತ್ತು. ಇಂಥ ಒಳ್ಳೆಯ ಕಾವಲುಗಾರ ಫೋಲ್ಡರಿನ ಹೆಸರು ಕಂಡೊಡನೆ ಸುಮ್ಮನಾಗಿಬಿಡುತ್ತಾನೆ.

ನಮ್ಮ ಕಡೆಯವರಿಗೆ ಈ ಗೊಂದಲ ಹೊಸದೇನಲ್ಲ. 2011ರ ಜನಗಣತಿಯಲ್ಲಿ ಬೆಳಗಾವಿ ಜಿಲ್ಲೆಗೆ 10 ತಾಲ್ಲೂಕು. ಅಥಣಿ ಎಂದರೆ ಕಾಗವಾಡವೂ ಅದರೊಳಗೆ, ಚಿಕ್ಕೋಡಿ ಎಂದರೆ ನಿಪ್ಪಾಣಿಯೂ. ಹಳೆಯ ಕೋಷ್ಟಕ ಓದುವಾಗಲೆಲ್ಲ ‘ಯಾವ ಅಥಣಿ?’ ಎಂದು ಕೇಳಿಕೊಳ್ಳುವ ನಾನು, ನನ್ನದೇ ಐದು ಸಾಲಿಗೆ ಆ ಪ್ರಶ್ನೆ ಕೇಳಲಿಲ್ಲ.

ಹಾಗೆಂದು ಫೈಲುಗಳನ್ನಷ್ಟೇ ಬರೆದು ಫೋಲ್ಡರನ್ನು ಬಿಟ್ಟರೆ ಇನ್ನೊಂದು ಫಜೀತಿ. ಪ್ಯಾಕೇಜ್ ತೆಗೆದ ಮೇಲೂ ಅದು ಖಾಲಿಯಾಗಿ, ಯಾರಿಗೂ ಸೇರದೆ ಉಳಿಯುತ್ತದೆ. ಆದ್ದರಿಂದ ಎರಡನ್ನೂ ಬರೆಯಬೇಕು. ನನ್ನ ತಕರಾರು ರೂಢಿಯ ಬಗ್ಗೆ: ಬರಿ ಹೆಸರಿಗೆ ಬರಿ ಫೋಲ್ಡರ್ ಬರಲಿ, ಎಲ್ಲವೂ ಬೇಕೆಂದವರು ಗುರುತು ಹಚ್ಚಲಿ. ಈಗಾಗಲೇ ಬರೆದಿಟ್ಟ ಅಸಂಖ್ಯ ಪಟ್ಟಿಗಳು ಹಳೆಯ ರೂಢಿಯನ್ನೇ ನಂಬಿವೆ, ಬದಲಿಸಿದರೆ ಮುರಿಯುತ್ತವೆ, ಗೊತ್ತು. ಕೊನೇಪಕ್ಷ ಒಳಗೆ ಬಂದದ್ದನ್ನು ಮುಂದಿಟ್ಟು ‘ಇವೆಲ್ಲವೂ?’ ಎಂದು ಕೇಳಬಹುದಲ್ಲ.

ಆರೂ ಕಡೆ ಅಳಿಸಿ ನಿಪ್ಪಾಣಿಗೆ ಹೋದೆ. ಫೋಲ್ಡರಿನ ಕತೆ ವಿವರಿಸಲಿಲ್ಲ. ಹೆಸರು ಆರು ಮಂದಿಯ ಕೈಗೆ ಹೋಗಿತ್ತು, ನನ್ನದೇ ತಪ್ಪು, ಈಗ ತೆಗೆದಿದ್ದೇನೆ ಎಂದೆ.

‘ಯಾರರೆ ಓದಿದ್ರೇನು?’

‘ಒಬ್ಬಾಕಿ.’

ಅಜ್ಜಿ ಬೀಡಿಗೆ ದಾರ ಸುತ್ತುತ್ತಲೇ ಇದ್ದರು.