ಬೇಜಾರು ಎಂಬ ಒಂದೇ ಮಾತು

1978. ನಾನು ಎಂಟನೇ ಕ್ಲಾಸು. ಪಕ್ಕದ ಬೆಂಚಿನ ಹುಡುಗನ ಅಪ್ಪ ತೀರಿಕೊಂಡಿದ್ದರು. ತಿಥಿ ಮುಗಿಸಿ, ತಲೆ ಬೋಳಿಸಿಕೊಂಡು ಬಂದವನನ್ನು ಕಂಡು ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನೂ ನಕ್ಕೆ. ಮೇಷ್ಟ್ರು ಬೆತ್ತದಿಂದ ಮೇಜು ಕುಟ್ಟಿ ನಮ್ಮನ್ನು ಸುಮ್ಮನಾಗಿಸಿದರು. ಅವನಿಗೆ, ‘ಹೋಗ್ ಕೂತ್ಕೊಳ್ಳೋ, ಹದಿನೈದು ದಿನದ ನೋಟ್ಸ್ ಬಾಕಿ ಇದೆ’ ಎಂದರು. ಮೇಷ್ಟ್ರು ಕೆಟ್ಟವರಲ್ಲ, ಅವನ ಫೀಸನ್ನು ತಾವೇ ಕಟ್ಟಿದ್ದರೆಂದು ಆಮೇಲೆ ತಿಳಿಯಿತು. ಆದರೆ ಆ ಹುಡುಗನೊಡನೆ ಏನು ಮಾತಾಡಬೇಕೆಂದು ಅವರಿಗೂ ಗೊತ್ತಿರಲಿಲ್ಲ. ವರ್ಷ ತುಂಬುವ ಮೊದಲೇ ಅವನು ಶಾಲೆ ಬಿಟ್ಟ.

‘ನಮ್ಮ ಕಾಲದಲ್ಲಿ ಲಗೋರಿ, ಮರಕೋತಿ ಇದ್ದವು, ಸಮಾಲೋಚನೆ ಗಿಮಾಲೋಚನೆ ಬೇಕಿರಲಿಲ್ಲ’ ಎನ್ನುವ ಗೆಳೆಯರಿದ್ದಾರೆ. ಆಟದಲ್ಲಿ ಸಿಟ್ಟು ಇಳಿಯುತ್ತಿದ್ದುದು ನಿಜ. ಆದರೆ ಬೋಳುತಲೆಯ ಹುಡುಗನನ್ನು ಯಾರೂ ಆಟಕ್ಕೆ ಸೇರಿಸಿಕೊಳ್ಳಲಿಲ್ಲ.

ಮುಂದೆ ನಾನೇ ಮೇಷ್ಟ್ರಾದಾಗ ಬಸ್ಕಿ, ಗೋಡೆಕುರ್ಚಿ, ಬೆತ್ತ ಮೂರನ್ನೂ ಬಳಸಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಬೆತ್ತ ಬೀರು ಸೇರಿತು. ಅದರ ಬದಲು ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ. ದಾರಿ ಸಿಕ್ಕಿದ್ದು ನಿಮ್ಹಾನ್ಸ್ ಹೈಸ್ಕೂಲು ಮಕ್ಕಳಿಗೆಂದು ರೂಪಿಸಿದ ಜೀವನ ಕೌಶಲ ಪಾಠಗಳಿಂದ. ಭಾವನೆಗಳನ್ನು ನಿಭಾಯಿಸುವುದು, ಒತ್ತಡವನ್ನು ನಿಭಾಯಿಸುವುದು ಎರಡೂ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಹತ್ತು ಜೀವನ ಕೌಶಲಗಳಲ್ಲಿ ಸೇರಿವೆ. ಭಾಷಣ ಬೇಡ, ಚಟುವಟಿಕೆ ಮಾಡಿಸಿ ಮಕ್ಕಳನ್ನು ಮಾತಾಡಿಸಿ ಎಂಬುದು ಆ ಪಾಠಗಳ ಕ್ರಮ.

ಮೊದಲ ದಿನ ಚೀಟಿ ಕೊಟ್ಟು, ‘ಈ ವಾರ ಮನಸ್ಸಿಗೆ ಏನಾಯಿತು, ಹೆಸರು ಹಾಕದೆ ಬರೆಯಿರಿ’ ಎಂದೆ. ಚಾಕ್‌ಪೀಸ್ ಡಬ್ಬಿ ತುಂಬ ಒಂದೇ ಮಾತು: ಬೇಜಾರು. ಅಪ್ಪ ಕುಡಿದು ಬಂದರೂ ಬೇಜಾರು, ಗೆಳತಿ ಮಾತು ಬಿಟ್ಟರೂ ಬೇಜಾರು, ಟಿ.ವಿ. ಕೆಟ್ಟರೂ ಬೇಜಾರು. ನಮ್ಮ ಚಟುವಟಿಕೆ ಶುರುವಾದದ್ದೇ ಆ ಮಾತನ್ನು ಒಡೆಯುವುದರಿಂದ. ದಿಗಿಲು, ಸಿಟ್ಟು, ಅವಮಾನ, ಹೊಟ್ಟೆಕಿಚ್ಚು, ಒಂಟಿತನ ಎಂದು ಬೋರ್ಡಿನ ಮೇಲೆ ಬರೆದು, ಯಾವ ಚೀಟಿ ಯಾವುದರ ಕೆಳಗೆ ಎಂದು ಮಕ್ಕಳೇ ವಾದ ಮಾಡಿದರು. ಮನೆಯ ಗುಟ್ಟಿದ್ದ ಚೀಟಿಗಳನ್ನು ಮಾತ್ರ ನಾನು ತೆಗೆದಿಟ್ಟುಕೊಂಡು, ಅಂಥವೇ ಕಟ್ಟುಕತೆಗಳನ್ನು ಕೊಡುತ್ತಿದ್ದೆ.

ಹೆಸರು ಬೇರೆಯಾದರೆ ಮದ್ದೂ ಬೇರೆಯಾಗುತ್ತದೆ. ಸಿಟ್ಟು ಬಂದರೆ ಜಾಗ ಬಿಟ್ಟು ಹೋಗಿ ನೀರು ಕುಡಿ, ನಿಧಾನವಾಗಿ ಉಸಿರು ಬಿಡು. ಗೆಳತಿಯ ಜಗಳವನ್ನು ಇಬ್ಬರು ನಟಿಸಿ ತೋರಿಸಿ, ಆಮೇಲೆ ಪಾತ್ರ ಬದಲಿಸಿ. ಆದರೆ ಕುಡಿದ ಅಪ್ಪನ ದಿಗಿಲಿಗೆ ಉಸಿರಾಟ ಹೇಳಿಕೊಟ್ಟರೆ ಅದು ಮೋಸ. ಆ ಮಗುವಿಗೆ ಬೇಕಾದ್ದು ನಂಬುವಂಥ ದೊಡ್ಡವರೊಬ್ಬರು. ಹಾಗಾಗಿ ಡಬ್ಬಿಯ ಮೇಲೆ ಮಕ್ಕಳ ಸಹಾಯವಾಣಿ 1098 ಬರೆಸಿದೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ಬಂದ ಮೇಲೆ 14416 ಕೂಡ. ‘ಯಾರಿಗೂ ಹೇಳಲ್ಲ’ ಎಂದು ಮಾತ್ರ ಮಕ್ಕಳಿಗೆ ಎಂದೂ ಮಾತು ಕೊಡಲಿಲ್ಲ. ಜೀವಕ್ಕೆ ಅಪಾಯವಿದ್ದರೆ ಹೇಳಲೇಬೇಕಾಗುತ್ತದೆ.

ಇದರಿಂದ ಎಲ್ಲ ಸರಿಹೋಯಿತೆಂದು ನಾನು ಹೇಳಲಾರೆ. ಅಪ್ಪಂದಿರು ಕುಡಿಯುವುದನ್ನು ಬಿಡಲಿಲ್ಲ. ಒಬ್ಬ ಹುಡುಗಿ ಮಾತ್ರ ಒಂದು ದಿನ ಸ್ಟಾಫ್ ರೂಮಿನ ಬಾಗಿಲಿಗೆ ಬಂದು, ‘ಸಾರ್, ಇದು ಬೇಜಾರಲ್ಲ, ದಿಗಿಲು’ ಎಂದಳು. ಅವಳ ಅಜ್ಜಿಯನ್ನು ಕರೆಸಿ ಮಾತಾಡಿದೆವು.

ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರಿರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿತು. ನಾನು ನಿವೃತ್ತನಾದದ್ದೂ ಅದೇ ವರ್ಷ. ನಮ್ಮ ಶಾಲೆಯಲ್ಲಿ ಇನ್ನೂರು ಮಕ್ಕಳಿದ್ದರು, ಸಮಾಲೋಚಕರಿರಲಿಲ್ಲ. ಜೀವನ ಕೌಶಲಕ್ಕೆ ವಾರಕ್ಕೊಂದು ಪಿರಿಯಡ್ ಇತ್ತು. ಪರೀಕ್ಷೆ ಹತ್ತಿರ ಬಂತೆಂದರೆ ಅದೂ ಗಣಿತದ ಪಾಲಾಗುತ್ತಿತ್ತು. ಡಬ್ಬಿಯಲ್ಲಿ ದಿಗಿಲಿನ ಚೀಟಿ ಹೆಚ್ಚುತ್ತಿದ್ದುದೂ ಆಗಲೇ.